ಬಾಡಿಗೆ ಮನೆ: ಆ ಹದಿನೈದು ದಿನ ಯಾರ ಲೆಕ್ಕಕ್ಕೆ?

ಮಾನ್ಯ ಸಂಪಾದಕರೇ,

ಎರಡನೆಯ ಮನೆ ಕೊಂಡು ಬಾಡಿಗೆಗೆ ಬಿಟ್ಟರೆ ಕುಳಿತಲ್ಲೇ ಆದಾಯ ಎಂಬ ಮಾತನ್ನು ಪತ್ರಿಕೆಗಳ ಆಸ್ತಿ ಪುಟದಲ್ಲಿ ಆಗಾಗ ಓದುತ್ತೇನೆ. ಒಂಬತ್ತು ವರ್ಷದಿಂದ ಒಂದು ಮನೆಯನ್ನು ಬಾಡಿಗೆಗೆ ಕೊಟ್ಟಿರುವ ನನಗೆ ಆ ‘ಕುಳಿತಲ್ಲೇ’ ಕಣ್ಣಿಗೆ ಬಿದ್ದಾಗಲೆಲ್ಲ ಮೊಣಕಾಲು ನೆನಪಾಗುತ್ತದೆ. ಮನೆ ಇರುವುದು ಮೂರನೆಯ ಮಹಡಿಯಲ್ಲಿ. ನಾನು ಹೋದ ದಿನವೇ ಲಿಫ್ಟ್ ಕೆಟ್ಟಿರುತ್ತದೆ.

ಗಣಿತ ಕಲಿಸಿ ನಿವೃತ್ತಳಾದವಳು ನಾನು. ಆ ಮನೆಗೆಂದೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎಡಪುಟದಲ್ಲಿ ಹಣ, ಬಲಪುಟದಲ್ಲಿ ಸಮಯ. ಕಳೆದ ವರ್ಷದ ಎಡಪುಟ ನೋಡಿ. ಮನೆಯ ಈಗಿನ ಬೆಲೆ 100 ಎಂದಿಟ್ಟುಕೊಂಡರೆ ಹನ್ನೆರಡು ತಿಂಗಳ ಬಾಡಿಗೆ 4. ಜಾಹೀರಾತಿನ ಲೆಕ್ಕ ಇಲ್ಲಿಗೇ ಮುಗಿಯುತ್ತದೆ. ಆದರೆ ಹಳಬರು ಬಿಟ್ಟು ಹೊಸಬರು ಬರುವ ನಡುವೆ ಮನೆ 45 ದಿನ ಖಾಲಿ ಬಿದ್ದಿತ್ತು, ಅಲ್ಲಿಗೆ 0.5 ಹೋಯಿತು. ಬಣ್ಣ, ಆಸ್ತಿ ತೆರಿಗೆ, ನಿರ್ವಹಣಾ ಶುಲ್ಕ, ದಲ್ಲಾಳಿಯ ಕಮಿಷನ್, ರಿಪೇರಿ ಎಲ್ಲ ಸೇರಿ 1.2. ಕೈಯಲ್ಲಿ ಉಳಿದದ್ದು 2.3. ಆದಾಯ ತೆರಿಗೆ ಅದರ ಮೇಲಿನ ಮಾತು.

ಈಗ ಸಾಲವಿಲ್ಲ, ನಿವೃತ್ತಿಯ ಹಣ ಸುರಿದು ತೀರಿಸಿದೆ. ಕೊಂಡಾಗ, ಆಗಿನ ಬೆಲೆ 100 ಎಂದಿಟ್ಟುಕೊಂಡರೆ, 60 ಸಾಲವಿತ್ತು, ಬಡ್ಡಿ ಶೇ 9. ಮೊದಲ ವರ್ಷದ ಬಡ್ಡಿಯೇ 5 ದಾಟಿತು, ಬಾಡಿಗೆ ಆಗಲೂ 4. ಬಾಡಿಗೆಯೇ ಕಂತು ಕಟ್ಟಿಕೊಳ್ಳುತ್ತದೆ ಎಂದು ನನ್ನನ್ನು ಒಪ್ಪಿಸಿದವರು ಆಮೇಲೆ ಸಿಗಲಿಲ್ಲ. 20 ವರ್ಷದ ಸಾಲಕ್ಕೆ ಅದೇ ಬಡ್ಡಿಯಲ್ಲಿ ಮೊದಲ ಕಂತಿನ ಪ್ರತಿ ನೂರರಲ್ಲಿ 83 ಬಡ್ಡಿಗೇ ಹೋಗುತ್ತದೆ. ಅಸಲಿನ ಅರ್ಧ ತೀರುವ ಹೊತ್ತಿಗೆ 14 ವರ್ಷ ಕಳೆದಿರುತ್ತದೆ. ಇಷ್ಟು ವರ್ಷ ಮಕ್ಕಳಿಗೆ ಚಕ್ರಬಡ್ಡಿ ಕಲಿಸಿದವಳು ಸಹಿ ಹಾಕುವ ಮುನ್ನ ಇದನ್ನು ಮಾಡಿ ನೋಡಲಿಲ್ಲವೆಂದು ಹೇಳಿಕೊಳ್ಳಲು ಈಗಲೂ ನಾಚಿಕೆ.

ಬಲಪುಟದ ಮೊತ್ತ 118 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ಹೆಚ್ಚುಕಡಿಮೆ ಹದಿನೈದು ದಿನದ ದುಡಿಮೆ. ಅದರಲ್ಲಿ 19 ಗಂಟೆ ತಿಂದದ್ದು ಒಂದು ಗೋಡೆ. ಮಲಗುವ ಕೋಣೆಯಲ್ಲಿ ಬಣ್ಣ ಗುಳ್ಳೆಯೆದ್ದಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಒದ್ದೆ ಪುಡಿ ಉದುರುತ್ತಿತ್ತು. ಗೋಡೆಯ ಆಚೆ ಬದಿ ಬಚ್ಚಲು. ಸ್ಕ್ರೂಡ್ರೈವರ್ ಹಿಡಿಯಿಂದ ಟೈಲ್ಸ್ ತಟ್ಟುತ್ತ ಹೋದಾಗ ಮೂರು ಮಾತ್ರ ಟೊಳ್ಳು ಸದ್ದು ಮಾಡಿದವು. ತಪ್ಪು ಟೈಲ್ಸ್ ಸಂದಿನದು ಎಂದ ಪ್ಲಂಬರ್, ಪೈಪಿನದು ಎಂದ ಗಾರೆಯವನು. ಇಬ್ಬರನ್ನೂ ಒಂದೇ ದಿನ ಕರೆಸುವುದಕ್ಕೇ ವಾರ ಹಿಡಿಯಿತು. ಕೊನೆಗೆ ಒಡೆದು ನೋಡಿದರೆ ಬಿಸಿನೀರಿನ ಪೈಪಿನ ತಿರುವಿನಲ್ಲಿ ಒಂದು ಎಲ್ಬೋ ಬೆವರುತ್ತಿತ್ತು. ಬಿಲ್ಲಿನಲ್ಲಿ ಅತಿ ಅಗ್ಗದ ವಸ್ತು ಅದೇ. ಬಳಿಕ ಗೋಡೆ ಒಣಗುವವರೆಗೆ ಕಾಯುವುದು, ಪುಟ್ಟಿ, ಮತ್ತೆ ಬಣ್ಣ.

ಇದರಲ್ಲಿ ನನ್ನ ಪಾಲೂ ಇದೆ. ಬಾಡಿಗೆದಾರರು ಎರಡು ತಿಂಗಳು ಮೊದಲೇ ಫೋಟೊ ಕಳುಹಿಸಿದ್ದರು. ಅಂಗೈಯಗಲದ ಕಲೆ, ನೋಡೋಣ ಎಂದು ಸುಮ್ಮನಾದೆ. ಅವರು ಮಗುವಿನ ಹಾಸಿಗೆಯನ್ನು ನಡುಮನೆಗೆ ಎಳೆದುಕೊಂಡು ಮಲಗಿದರು. ಅರ್ಧ ತಿಂಗಳ ಬಾಡಿಗೆ ಬಿಟ್ಟುಕೊಟ್ಟೆ. ಅದನ್ನು ಔದಾರ್ಯವೆನ್ನಲಾರೆ, ಅವರಿಗೆ ಸಲ್ಲಬೇಕಾದದ್ದೇ ಅದು. ಮನೆಯೊಡೆಯರ ಕಷ್ಟ ಹೇಳುವವರು ಕಾಸು ಕೊಟ್ಟು ಒದ್ದೆ ಗೋಡೆಯ ಪಕ್ಕ ಮಲಗುವವರನ್ನು ಮರೆಯುತ್ತಾರೆ, ನಾನೂ ಮರೆತಿದ್ದೆ.

ಹಾಗೆಂದು ಮನೆ ಕೊಳ್ಳಬೇಡಿ ಎನ್ನುತ್ತಿಲ್ಲ. ಬೆಲೆ ಏರಿದೆ, ಮಾರಿದರೆ ನಷ್ಟವಾಗದು. ಏರಿದ ಬೆಲೆ ಕೈಗೆ ಸಿಗುವುದು ಮಾರಿದ ದಿನವೇ, ಅಲ್ಲಿಯವರೆಗೆ ನಲ್ಲಿ ಸೋರುವುದು ನಿಲ್ಲುವುದಿಲ್ಲ, ಅಷ್ಟೆ. ಮೊನ್ನೆ ತಂಗಿಯ ಮಗ ತಾನೂ ಒಂದು ಮನೆ ಕೊಳ್ಳುತ್ತೇನೆಂದು ಬಂದ. ನೋಟ್‌ಬುಕ್ ಕೊಟ್ಟೆ. ಎಡಪುಟದ ಫೋಟೊ ತೆಗೆದುಕೊಂಡು ಹಿಂದಿರುಗಿಸಿದ. ಬಲಪುಟ ತೋರಿಸಿದರೆ, “ಸಮಯಕ್ಕೇನು ದೊಡ್ಡಮ್ಮ, ಭಾನುವಾರ ಇದ್ದೇ ಇದೆಯಲ್ಲ” ಎಂದ. ಪ್ಲಂಬರಿಗೂ ಭಾನುವಾರವೇ ರಜೆ ಎಂದೆ.

ಆಸ್ತಿ ಪುಟದಲ್ಲಿ ಇನ್ನು ಮುಂದೆ ಬೆಲೆ, ಬಾಡಿಗೆಯ ಪಟ್ಟಿ ಹಾಕುವಾಗ ಖಾಲಿ ದಿನಗಳಿಗೊಂದು, ಓಡಾಟದ ಗಂಟೆಗಳಿಗೊಂದು ಕಾಲಂ ಸೇರಿಸಬೇಕೆಂದು ಕೋರುತ್ತೇನೆ. ಮಾದರಿ ಬೇಕಿದ್ದರೆ ನನ್ನ ಬಲಪುಟಗಳ ಪ್ರತಿ ಕಳುಹಿಸಿಕೊಡುತ್ತೇನೆ.

— ಒಬ್ಬ ನಿವೃತ್ತ ಗಣಿತ ಶಿಕ್ಷಕಿ