ಹಿಮಕರಡಿಗೆ ದಡ ಆಸರೆಯಾಗದು

ಮಾನ್ಯರೇ,

ಆರ್ಕ್ಟಿಕ್‌ ಮಂಜುಗಡ್ಡೆ ಕರಗಿದರೆ ಹಿಮಕರಡಿಗಳು ದಡಕ್ಕೆ ಬಂದು ಬದುಕಿಕೊಳ್ಳುತ್ತವೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ತಪ್ಪು. ನಮ್ಮ ಮಧುಗಿರಿ, ಪಾವಗಡದ ಬಂಡೆಗುಡ್ಡಗಳ ಕರಡಿ ಗೆದ್ದಲು, ಜೇನು, ಹಣ್ಣು ಎಂದು ಸಿಕ್ಕಿದ್ದರಲ್ಲಿ ಹೊಟ್ಟೆ ಹೊರೆಯುತ್ತದೆ. ಹಿಮಕರಡಿಗೆ ಸೀಲ್‌ ಪ್ರಾಣಿಯ ಕೊಬ್ಬೇ ಬೇಕು. ಉಸಿರಾಡಲೆಂದು ಸೀಲ್‌ ಮಂಜಿನ ಹಾಸಿನಲ್ಲಿ ತೂತು ಮಾಡಿಕೊಂಡಿರುತ್ತದೆ. ಕರಡಿ ಅದರ ಪಕ್ಕ ಗಂಟೆಗಟ್ಟಲೆ ಅಲುಗಾಡದೆ ಕಾದು, ಮೂತಿ ಮೇಲೆ ಬಂದ ಕ್ಷಣ ಎಳೆದುಹಾಕುತ್ತದೆ. ತೆರೆದ ನೀರಿನಲ್ಲಿ ಈಜಿ ಅಟ್ಟಿಸಿಕೊಂಡು ಹಿಡಿಯುವುದು ಅದಕ್ಕೆ ಬಹಳ ಕಷ್ಟ. ದಡದ ಉಪವಾಸದಲ್ಲಿ ದಿನಕ್ಕೆ ಸುಮಾರು 1 ಕೆ.ಜಿ. ತೂಕ ಇಳಿಯುತ್ತದೆ. ಹಕ್ಕಿಮೊಟ್ಟೆ, ಕಾಡುಹಣ್ಣು ಆ ನಷ್ಟ ತುಂಬುವುದಿಲ್ಲ. ತಾಯಿಯ ಹಾಲು ಬತ್ತಿ ಮೊದಲು ಸೊರಗುವುದು, ಪಾಪ, ಮರಿಗಳು.

ಆಗ್ನೇಯ ಗ್ರೀನ್‌ಲ್ಯಾಂಡಿನ ಕೆಲವು ನೂರು ಕರಡಿಗಳು ಹಿಮನದಿಯಿಂದ ಕಳಚಿ ಕೊಲ್ಲಿಗೆ ಬಿದ್ದ ಗಡ್ಡೆಗಳ ಮೇಲೆ ನಿಂತು ಬೇಟೆಯಾಡುವುದು 2022ರಲ್ಲಿ ವರದಿಯಾಯಿತು. ಅಂಥ ಕೊಲ್ಲಿಗಳು ಎಲ್ಲೆಡೆ ಇಲ್ಲ. ಕೆನಡಾ, ಗ್ರೀನ್‌ಲ್ಯಾಂಡಿನ ಉತ್ತರ ಅಂಚಿನ ದಪ್ಪ ಮಂಜೇ ಕೊನೆಯವರೆಗೆ ಉಳಿಯುವಂಥದ್ದು. ಅಲ್ಲಿ ಕೆನಡಾ 2019ರಲ್ಲಿ ಘೋಷಿಸಿದ ರಕ್ಷಿತ ಕಡಲ ಪ್ರದೇಶ ತೈಲಬಾವಿಯನ್ನು ತಡೆದೀತು, ಬಿಸಿಯೇರುವ ಗಾಳಿಯನ್ನಲ್ಲ. ಹಿಮಕರಡಿಯ ಚಿತ್ರ ಅಚ್ಚಾದಾಗಲೆಲ್ಲ ಇಂಗಾಲದ ಹೊಗೆಯ ಲೆಕ್ಕವೂ ಪಕ್ಕದಲ್ಲೇ ಇರಲಿ ಎಂದು ಕೋರುತ್ತೇವೆ.

– ಪ್ರೌಢಶಾಲಾ ವಿಜ್ಞಾನ ಶಿಕ್ಷಕರು, ಮಧುಗಿರಿ, ತುಮಕೂರು ಜಿಲ್ಲೆ