ಹಳೇ ಕೇಸಿನವರ ಅರ್ಜಿಯನ್ನೂ ಹಾಕಿಸಿ: ಗೃಹ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರಿಗೆ ನಮಸ್ಕಾರಗಳು.

ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಅನ್ನುವ, 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನ 479ನೇ ಸೆಕ್ಷನ್ ನಿಮಗೆ ಗೊತ್ತೇ ಇದೆ. ವಿಚಾರಣೆ ಮುಗಿಯದೆ ಜೈಲಿನಲ್ಲೇ ಉಳಿದವರನ್ನು ಯಾವಾಗ ಬಿಡಬೇಕು ಅಂತ ಹೇಳುವುದು ಅದು. ಜೈಲುಗಳೂ ನಿಮ್ಮ ಕೈಯಲ್ಲೇ ಇವೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನನ್ನ ತಮ್ಮ 2022ರ ಜೂನ್‌ನಿಂದ ಒಳಗಿದ್ದಾನೆ. ಕೆಲಸಕ್ಕಿದ್ದ ಮನೆಯಲ್ಲಿ ಕದ್ದ ಅಂತ ಆರೋಪ. ಐಪಿಸಿ 380, ಅದೊಂದೇ ಕೇಸು. ಹಿಂದೆ ಯಾವ ಶಿಕ್ಷೆಯೂ ಆಗಿಲ್ಲ. ಜಾಮೀನು ಸಿಕ್ಕಿತು, ಶ್ಯೂರಿಟಿ ಸಿಗಲಿಲ್ಲ. ನಮ್ಮ ಹೆಸರಲ್ಲಿ ಪಹಣಿ ಇಲ್ಲ. ಪಹಣಿ ಇರುವ ನೆಂಟರು ಫೋನ್ ಎತ್ತುವುದನ್ನೇ ಬಿಟ್ಟರು. ಅವನ ಹೆಂಡತಿ ಮಗುವನ್ನು ಕರೆದುಕೊಂಡು ತವರಿಗೆ ಹೋದಳು. ಅಮ್ಮನಿಗೆ ಸಕ್ಕರೆ ಕಾಯಿಲೆ, ಕಣ್ಣು ಮಂಜಾಗಿದೆ. ಮಗನನ್ನು ನೋಡಬೇಕು ಅಂತಾಳೆ, ಅಷ್ಟು ದೂರ ಕೂರಿಸಿಕೊಂಡು ಹೋಗಲು ಆಗಲ್ಲ. ನನಗೆ ಬಸ್ಸೇನೋ ಫ್ರೀ, ಆದರೆ ಜೈಲಿಗೆ ಹೋದ ದಿನ ಗಾರ್ಮೆಂಟ್ಸಿನಲ್ಲಿ ಸಂಬಳ ಕಟ್.

ಮನೆಯಲ್ಲಿ ಕದ್ದ ಕೇಸಿಗೆ ಜಾಸ್ತಿ ಅಂದರೆ 7 ವರ್ಷ ಶಿಕ್ಷೆ. ಹಿಂದೆ ಯಾವ ಶಿಕ್ಷೆಯೂ ಆಗದವನು ಅದರ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಮುಚ್ಚಳಿಕೆ ಬರೆಸಿಕೊಂಡು ಬಿಡಬೇಕು ಅನ್ನುತ್ತದೆ ಹೊಸ ಕಾನೂನು. ಅಂದರೆ 2 ವರ್ಷ 4 ತಿಂಗಳು. ನನ್ನ ತಮ್ಮನಿಗೆ ಅದು 2024ರ ಅಕ್ಟೋಬರ್‌ನಲ್ಲೇ ತುಂಬಿತು.

ಇದನ್ನು ಕೇಳಲು ಜೈಲಿನ ಆಫೀಸಿಗೆ ಹೋದೆ. "ನಿಮ್ಮದು ಹಳೇ ಕೇಸಮ್ಮಾ. ಹೊಸ ಕಾನೂನು ಜುಲೈ ಒಂದರ ಮೇಲಿನ ಕೇಸಿಗೆ ಮಾತ್ರ" ಅಂದರು. ಸುಪ್ರೀಂ ಕೋರ್ಟ್ ಆದೇಶದ ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಅವರು ಅದನ್ನು ಮುಟ್ಟಲೂ ಇಲ್ಲ. "ತಮ್ಮ ಕದಿಯುವಾಗ ಇದೆಲ್ಲ ಓದಬೇಕಿತ್ತು" ಅಂದರು. ಸುತ್ತ ಜನ ಇದ್ದರು. ತಮ್ಮ ಕದ್ದಿದ್ದಾನೋ ಇಲ್ಲವೋ ಅಂತ ಇನ್ನೂ ಯಾವ ಕೋರ್ಟೂ ಹೇಳಿಲ್ಲ ಸಾರ್. ಆ ಮಾತು ನನಗೆ ಈಗಲೂ ನಿದ್ದೆ ಕೊಡುತ್ತಿಲ್ಲ.

ಆ ಆದೇಶ 2024ರ ಆಗಸ್ಟ್ 23ರದ್ದು. ನ್ಯಾಯಮೂರ್ತಿ ಹಿಮಾ ಕೊಹ್ಲಿ, ನ್ಯಾಯಮೂರ್ತಿ ಸಂದೀಪ್ ಮೆಹ್ತಾ ಅವರ ಪೀಠ ಕೊಟ್ಟಿದ್ದು. ಕೇಸು 2024ರ ಜುಲೈ 1ಕ್ಕಿಂತ ಮುಂಚಿನದಾದರೂ ವಿಚಾರಣಾಧೀನ ಕೈದಿಗಳಿಗೆ 479 ಅನ್ವಯಿಸುತ್ತದೆ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಕೇಂದ್ರ ಸರ್ಕಾರವೇ ಕೋರ್ಟಿನಲ್ಲಿ ಇದನ್ನು ಒಪ್ಪಿಕೊಂಡಿದೆ. ಅರ್ಜಿಗಳನ್ನು ಆದಷ್ಟು ಮೂರು ತಿಂಗಳಲ್ಲಿ ಮುಗಿಸಿ ಎಂದು ಜೈಲು ಸೂಪರಿಂಟೆಂಡೆಂಟ್‌ಗಳಿಗೆ ಹೇಳಿದ್ದೂ ಅದೇ ಆದೇಶ. ಹಾಗಿದ್ದ ಮೇಲೆ ಹಳೇ ಕೇಸು, ಹೊಸ ಕೇಸು ಅನ್ನುವ ಮಾತು ಇನ್ನೂ ಯಾಕೆ?

ಬಿಡುವುದು, ಬಿಡದಿರುವುದು ಕೋರ್ಟಿನ ಕೆಲಸ. ಅದನ್ನು ನಾನು ನಿಮ್ಮ ಹತ್ತಿರ ಕೇಳುತ್ತಿಲ್ಲ. ಅರ್ಜಿ ಹಾಕುವುದು ಸೂಪರಿಂಟೆಂಡೆಂಟರ ಕೆಲಸ, ಕೂಡಲೇ ಹಾಕಬೇಕು ಅಂತ ಕಾನೂನಿನಲ್ಲೇ ಇದೆ. ಆ ಅರ್ಜಿ ಹಾಕಿಸಿ. ವಕೀಲರಿಗೆ ಫೀಸು ಕೊಡಲಾಗದವರು, ಓದಲು ಬಾರದವರು, ಕೇಳಲು ಯಾರೂ ಇಲ್ಲದವರು ಒಳಗಿದ್ದಾರೆ. ಅವರದ್ದೂ ಹಾಕಿಸಿ. ಹಳೇ ಕೇಸು ಅಂತ ವಾಪಸ್ ಕಳಿಸಬೇಡಿ ಎಂದು ಎಲ್ಲ ಜೈಲುಗಳಿಗೂ ಲಿಖಿತವಾಗಿ ತಿಳಿಸಿ. ಅವಧಿ ತುಂಬಿದವರ ಪಟ್ಟಿಯನ್ನು ಜೈಲಿನ ಗೇಟಿನಲ್ಲೇ ಹಾಕಿಸಿ.

ನನ್ನ ತಮ್ಮನ ಅರ್ಜಿ ಯಾವ ತಾರೀಖಿಗೆ ಕೋರ್ಟಿಗೆ ಹೋಗುತ್ತದೆ, ದಯವಿಟ್ಟು ತಿಳಿಸಿ.

ಇತಿ,
ವಿಚಾರಣಾಧೀನ ಕೈದಿಯೊಬ್ಬನ ಅಕ್ಕ