ಸಾವಿನ ಲೆಕ್ಕದಲ್ಲಿ ಕಾಣದ ಊರುಗಳು: ಯುವ ಬರಹಗಾರರಿಗೆ ಪತ್ರ

ಪ್ರಿಯ ಕಿರಿಯ ಮಿತ್ರರೇ,

ಕೆನಡಾದ ಮೂಲನಿವಾಸಿ ಸಮುದಾಯಗಳಲ್ಲಿನ ಆತ್ಮಹತ್ಯೆಗಳ ಬಗ್ಗೆ ನೀವು ಕನ್ನಡದಲ್ಲಿ ಬರೆಯಹೊರಟಿರುವ ದೀರ್ಘ ಲೇಖನದ ಮೊದಲ ಕರಡನ್ನು ಎರಡು ಸಲ ಓದಿದೆ. ನೀವು ಕಲೆಹಾಕಿರುವ ಅಂಕಿಸಂಖ್ಯೆಗಳು ಸರಿಯಾಗಿವೆ, ಬರವಣಿಗೆಯಲ್ಲಿ ಪ್ರಾಮಾಣಿಕವಾದ ಮರುಕವಿದೆ. ಆದರೆ ಓದಿ ಮುಗಿಸಿದ ಮೇಲೆ ನನ್ನ ಮನಸ್ಸಿನಲ್ಲಿ ಉಳಿದದ್ದು, ದೂರದ ಹಿಮದ ನಾಡಿನಲ್ಲಿ ಒಂದು ಜನ ಯಾರೂ ತಡೆಯಲಾಗದ ಹಾಗೆ ಅಳಿದುಹೋಗುತ್ತಿದ್ದಾರೆ ಎಂಬ ಭಾವನೆ. ಆ ಭಾವನೆ ಸುಳ್ಳು. ಈ ವಿಷಯದಲ್ಲಿ ಅದು ಅಪಾಯಕಾರಿಯೂ ಹೌದು, ಏಕೆಂದರೆ ಹಣೆಬರಹ ಎಂದು ನಂಬಿದ್ದನ್ನು ತಡೆಯಲು ಯಾರೂ ಕೈಹಾಕುವುದಿಲ್ಲ.

ಮೈಕೆಲ್ ಚಾಂಡ್ಲರ್ ಮತ್ತು ಕ್ರಿಸ್ಟೊಫರ್ ಲಲೋಂಡ್ ಎಂಬ ಮನಶ್ಶಾಸ್ತ್ರಜ್ಞರು 1998ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಮೊದಲು ಓದಿ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಮೂಲನಿವಾಸಿ ಯುವಜನರ ಆತ್ಮಹತ್ಯೆಯ ಸರಾಸರಿ ಪ್ರಮಾಣ ಉಳಿದವರಿಗಿಂತ ಹಲವು ಪಟ್ಟು ಹೆಚ್ಚಿದೆ ಎಂಬುದು ಆ ಹೊತ್ತಿಗೆ ಎಲ್ಲರಿಗೂ ಗೊತ್ತಿದ್ದ ಸಂಗತಿಯಾಗಿತ್ತು. ಅವರು ಆ ಸರಾಸರಿಯನ್ನು ಒಡೆದು, ಪ್ರಾಂತ್ಯದಲ್ಲಿ ಫಸ್ಟ್ ನೇಶನ್ಸ್ ಎಂದು ಕರೆಯಲಾಗುವ ಸುಮಾರು 200 ಮೂಲನಿವಾಸಿ ಸಮುದಾಯಗಳನ್ನು ಒಂದೊಂದಾಗಿ ನೋಡಿದರು. 1987ರಿಂದ 1992ರವರೆಗಿನ ಅವಧಿಯಲ್ಲಿ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಮುದಾಯಗಳಲ್ಲಿ ಒಬ್ಬ ಯುವಕನಾಗಲಿ ಯುವತಿಯಾಗಲಿ ಆತ್ಮಹತ್ಯೆಯಿಂದ ಸತ್ತಿರಲಿಲ್ಲ. ಬಹುಪಾಲು ಸಾವುಗಳು ಕೆಲವೇ ಊರುಗಳಲ್ಲಿ ಸಂಭವಿಸಿದ್ದವು. ಈ ಊರಿಗೂ ಆ ಊರಿಗೂ ಇರುವ ವ್ಯತ್ಯಾಸವೇನು ಎಂದು ಹುಡುಕಲು ಅವರು ಕೇಳಿದ ಪ್ರಶ್ನೆಗಳು ಆಸ್ಪತ್ರೆಯವರು ಕೇಳುವಂಥವಾಗಿರಲಿಲ್ಲ. ಸಮುದಾಯಕ್ಕೆ ಸ್ವಯಮಾಡಳಿತ ಇದೆಯೇ, ಪೂರ್ವಿಕರ ಭೂಮಿಯ ಹಕ್ಕಿಗಾಗಿ ಅದು ಕಾನೂನಿನ ಹೋರಾಟ ನಡೆಸಿದೆಯೇ, ಶಾಲೆ ಅದರ ಕೈಯಲ್ಲಿದೆಯೇ, ಆರೋಗ್ಯ ಸೇವೆಯನ್ನು ಅದೇ ನಡೆಸುತ್ತದೆಯೇ, ಪೊಲೀಸ್ ಮತ್ತು ಅಗ್ನಿಶಾಮಕ ವ್ಯವಸ್ಥೆಯ ಮೇಲೆ ಅದಕ್ಕೆ ಹಿಡಿತವಿದೆಯೇ, ತಮ್ಮ ಆಚರಣೆಗಳಿಗೆಂದು ಕಟ್ಟಿಕೊಂಡ ಜಾಗವಿದೆಯೇ ಎಂದು ಅವರು ಕೇಳಿದರು. ಈ ಆರೂ ಇದ್ದ ಸಮುದಾಯಗಳಲ್ಲಿ ಆ ವರ್ಷಗಳಲ್ಲಿ ಯುವಜನರ ಆತ್ಮಹತ್ಯೆ ಒಂದೂ ನಡೆದಿರಲಿಲ್ಲ. ಒಂದೂ ಇಲ್ಲದ ಸಮುದಾಯಗಳಲ್ಲಿ ಪ್ರಮಾಣ ಅತಿ ಹೆಚ್ಚಾಗಿತ್ತು. ಡಾರ್ಸಿ ಹ್ಯಾಲೆಟ್ ಅವರೊಂದಿಗೆ ಸೇರಿ ಅವರು 2007ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಅರ್ಧಕ್ಕಿಂತ ಹೆಚ್ಚು ಜನ ತಮ್ಮ ಭಾಷೆಯಲ್ಲಿ ಮಾತಾಡಬಲ್ಲ ಸಮುದಾಯಗಳಲ್ಲಿಯೂ ಇಂಥ ಸಾವುಗಳು ಬಹಳ ಕಡಿಮೆ ಅಥವಾ ಇಲ್ಲವೇ ಇಲ್ಲ ಎಂಬುದು ಕಂಡುಬಂತು.

ಇದು ಅಂಕಿಗಳ ನಡುವಿನ ಸಂಬಂಧವೇ ಹೊರತು ಔಷಧದ ಚೀಟಿಯಲ್ಲ. ಭಾಷೆ ಕಲಿಸಿದರೆ ಆತ್ಮಹತ್ಯೆ ನಿಲ್ಲುತ್ತದೆ ಎಂದು ದಯವಿಟ್ಟು ಬರೆಯಬೇಡಿ. ಆದರೂ ನಿಮ್ಮ ಲೇಖನದ ದಿಕ್ಕನ್ನು ಬದಲಿಸುವಷ್ಟು ಬಲ ಈ ಅಧ್ಯಯನಗಳಿಗಿದೆ. ನಿಮ್ಮ ಕರಡಿನಲ್ಲಿ ಬರುವ ಊರುಗಳೆಲ್ಲ ಸಾವು ನಡೆದ ಊರುಗಳು. ಮಕ್ಕಳು ಬೆಳೆದು ದೊಡ್ಡವರಾಗಿ, ಕೆಲಸ ಹಿಡಿದು, ಮುಂದೆ ತಾವೇ ಅಜ್ಜ ಅಜ್ಜಿಯರಾಗುವ ಊರುಗಳು ಅದರಲ್ಲಿ ಒಂದೂ ಇಲ್ಲ. ಏನೂ ಆಗದಿರುವುದು ಸುದ್ದಿಯಲ್ಲವಾದ್ದರಿಂದ ಅವನ್ನು ಬರೆಯುವುದು ಕಷ್ಟ ಎಂದು ನನಗೆ ಗೊತ್ತು. ಆದರೆ ಏನೂ ಆಗದಿರಲು ಆ ಊರುಗಳಲ್ಲಿ ಯಾರೋ ದಶಕಗಳ ಕಾಲ ಸಭೆ ಸೇರಿದ್ದಾರೆ, ಅರ್ಜಿ ಬರೆದಿದ್ದಾರೆ, ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಾರೆ, ಶಾಲೆಯ ಪಾಠಗಳನ್ನು ತಾವೇ ಕೂತು ಸಿದ್ಧಪಡಿಸಿದ್ದಾರೆ. ಲೇಖನದ ಅರ್ಧ ಭಾಗವನ್ನಾದರೂ ಅವರಿಗೆ ಕೊಡಿ.

ಕೆನಡಾದ ಉತ್ತರ ಧ್ರುವ ಪ್ರದೇಶದ ಮೂಲನಿವಾಸಿಗಳಾದ ಇನುಯಿಟ್ ಜನರ ವಿಚಾರದಲ್ಲಿ ಚರಿತ್ರೆಯನ್ನು ನೀವು ಒಂದೇ ಪ್ಯಾರಾದಲ್ಲಿ ಮುಗಿಸಿದ್ದೀರಿ. ಅದು ಸಾಲದು. ಆತ್ಮಹತ್ಯೆ ಅವರ ಸಂಸ್ಕೃತಿಯಲ್ಲಿಯೇ ಇತ್ತು ಎಂಬ ಮಾತನ್ನು ಹೊರಗಿನವರು ಬಹಳ ಕಾಲ ಹೇಳುತ್ತ ಬಂದಿದ್ದಾರೆ; ವಾಸ್ತವದಲ್ಲಿ 1970ರ ದಶಕಕ್ಕೆ ಮೊದಲು ಅವರಲ್ಲಿ ಯುವಜನರ ಆತ್ಮಹತ್ಯೆ ಅಪರೂಪವಾಗಿತ್ತು. ಅದು ಏರತೊಡಗಿದ್ದು ಬೇಟೆಯ ಬಿಡಾರಗಳನ್ನು ಬಿಡಿಸಿ ಸರ್ಕಾರದ ವಸತಿಗಳಿಗೆ ತಂದು ಕೂರಿಸಿದ ಮೇಲೆ, ಅಲ್ಲಿಯೇ ಹುಟ್ಟಿ ಬೆಳೆದ ಮೊದಲ ಪೀಳಿಗೆ ಯೌವನಕ್ಕೆ ಬಂದಾಗ. 1953ರಲ್ಲಿ ಉತ್ತರ ಕ್ವಿಬೆಕ್‌ನ ಇನುಕ್‌ಜುವಾಕ್ ಊರಿನ ಕುಟುಂಬಗಳನ್ನು ಸುಮಾರು 2000 ಕಿಲೋಮೀಟರ್ ಉತ್ತರಕ್ಕೆ, ಅವರಿಗೆ ಗುರುತೇ ಇಲ್ಲದ ಗ್ರೈಸ್ ಫಿಯೋರ್ಡ್ ಮತ್ತು ರೆಸಲ್ಯೂಟ್‌ಗೆ ಸಾಗಿಸಲಾಯಿತು. ಅದಕ್ಕೆ ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ. ಕ್ಷಯರೋಗ ಹಬ್ಬಿದ ಕಾಲದಲ್ಲಿ ತಪಾಸಣೆಗೆಂದು ಬಂದ ಸಿ.ಡಿ. ಹೋವ್ ಹಡಗು ರೋಗಿಗಳನ್ನು ಮರಳಿ ದಡಕ್ಕೆ ಇಳಿಸದೆ ದಕ್ಷಿಣದ ಆಸ್ಪತ್ರೆಗಳಿಗೆ ಒಯ್ಯುತ್ತಿತ್ತು. ಹಾಗೆ ಹೋದವರಲ್ಲಿ ಹಲವರು ಹಿಂದಿರುಗಲಿಲ್ಲ, ಅವರ ಸಮಾಧಿ ಎಲ್ಲಿದೆಯೆಂದು ಮನೆಯವರಿಗೆ ದಶಕಗಳವರೆಗೂ ತಿಳಿಯಲಿಲ್ಲ, ಮತ್ತು ಅದಕ್ಕೆ ಪ್ರಧಾನಿ ನುನಾವುಟ್ ಪ್ರದೇಶದ ರಾಜಧಾನಿ ಇಕಾಲುವಿಟ್‌ಗೆ ಬಂದು ಕ್ಷಮೆ ಕೇಳಿದ್ದು 2019ರ ಮಾರ್ಚ್‌ನಲ್ಲಿ. ಇದರ ಜೊತೆಗೆ ವಸತಿ ಶಾಲೆಗಳು. ಕೆನಡಾದ ಆ ಶಾಲೆಗಳಲ್ಲಿ ಸುಮಾರು 1,50,000 ಮೂಲನಿವಾಸಿ ಮಕ್ಕಳು ತಂದೆತಾಯಿಯರಿಂದ ದೂರವಾಗಿ, ತಮ್ಮ ಭಾಷೆ ಆಡಿದ್ದಕ್ಕೆ ಶಿಕ್ಷೆ ತಿನ್ನುತ್ತ ಬೆಳೆದರು, ಮತ್ತು ಮುದ್ದಿಸುವವರಿಲ್ಲದೆ ಬೆಳೆದ ಆ ಮಕ್ಕಳೇ ಮುಂದೆ ತಂದೆತಾಯಿಯರಾಗಬೇಕಾಯಿತು.

ಚರಿತ್ರೆಯನ್ನು ಇಷ್ಟು ಹೇಳಿದ ಮೇಲೆ ಅದರ ಹಿಂದೆ ಅಡಗಿಕೊಳ್ಳಲೂ ಬಾರದು. ಇನುಯಿಟ್ ಜನರೇ ಹೆಚ್ಚಾಗಿರುವ ನುನಾವುಟ್‌ನಲ್ಲಿ 2003ರಿಂದ 2006ರವರೆಗೆ ಆತ್ಮಹತ್ಯೆಯಿಂದ ಸತ್ತ 120 ಜನರ ಬದುಕನ್ನು, ಅದೇ ಊರುಗಳಲ್ಲಿ ಬದುಕಿರುವ ಅಷ್ಟೇ ಜನರ ಬದುಕಿನೊಂದಿಗೆ ಹೋಲಿಸಿ ನೋಡಿದ ಅಧ್ಯಯನವೊಂದಿದೆ. ಸತ್ತವರಲ್ಲಿ ಬಾಲ್ಯದ ದೌರ್ಜನ್ಯ, ಚಿಕಿತ್ಸೆ ಸಿಗದ ಖಿನ್ನತೆ, ಮಾದಕ ವಸ್ತುಗಳ ಚಟ ಹೆಚ್ಚಾಗಿ ಕಂಡುಬಂದವು. ಅಂದರೆ ಎಲ್ಲರ ಪಾಲಿಗೂ ಒಂದೇ ಆಗಿದ್ದ ಚರಿತ್ರೆ ಎಲ್ಲರನ್ನೂ ಒಂದೇ ರೀತಿ ತಟ್ಟಲಿಲ್ಲ. ವಸಾಹತುಶಾಹಿಯನ್ನು ದೂರಿ ಲೇಖನ ಮುಗಿಸುವುದು ಬರಹಗಾರನಿಗೆ ಸುಲಭ. ಆದರೆ ಈ ರಾತ್ರಿ ಹತ್ತು ಜನ ಮಲಗಿರುವ ಎರಡು ಕೋಣೆಯ ಮನೆಯಲ್ಲಿ ನಿದ್ದೆ ಬಾರದೆ ಕೂತಿರುವ ಹುಡುಗಿಗೆ ಮನೆ ಬೇಕು, ತನ್ನ ಭಾಷೆ ಬಲ್ಲ ಆಪ್ತಸಲಹೆಗಾರರು ಬೇಕು, ಚಿಕ್ಕಂದಿನಲ್ಲಿ ತನ್ನ ಮೇಲೆ ನಡೆದದ್ದನ್ನು ಹೇಳಿಕೊಂಡರೆ ನಂಬುವ ಹಿರಿಯರು ಬೇಕು. ಇನುಯಿಟ್ ಜನರ ರಾಷ್ಟ್ರೀಯ ಸಂಘಟನೆಯಾದ ಇನುಯಿಟ್ ತಪಿರೀತ್ ಕನಾತಮಿ, ನಾತನ್ ಓಬೆಡ್ ಅವರ ಅಧ್ಯಕ್ಷತೆಯಲ್ಲಿ 2016ರಲ್ಲಿ ಹೊರತಂದ ಆತ್ಮಹತ್ಯೆ ತಡೆ ಕಾರ್ಯನೀತಿ ನನಗೆ ಮೆಚ್ಚುಗೆಯಾಗುವುದು ಈ ಕಾರಣಕ್ಕೆ. ತಮ್ಮ ನಾಲ್ಕು ಪ್ರದೇಶಗಳಲ್ಲಿ ಆತ್ಮಹತ್ಯೆಯ ಪ್ರಮಾಣ ದೇಶದ ಸರಾಸರಿಯ 5ರಿಂದ 25 ಪಟ್ಟು ಇದೆ ಎಂದು ನೇರವಾಗಿ ಒಪ್ಪಿಕೊಳ್ಳುವ ಆ ದಾಖಲೆ, ವಸತಿ ಮತ್ತು ಆಹಾರದ ಸಮಾನತೆಯನ್ನೂ ಸಾಂಸ್ಕೃತಿಕ ಮುಂದುವರಿಕೆಯನ್ನೂ ಎಳೆಯ ಮಕ್ಕಳ ರಕ್ಷಣೆಯನ್ನೂ ಮಾನಸಿಕ ಚಿಕಿತ್ಸೆಯನ್ನೂ ಒಂದೇ ಕೆಲಸದ ಭಾಗಗಳೆಂದು ಕಾಣುತ್ತದೆ.

ಈಗ ಅಟವಾಪಿಸ್ಕಾಟ್. ಒಂಟಾರಿಯೊದ ಜೇಮ್ಸ್ ಕೊಲ್ಲಿಯ ಬಳಿಯ ಈ ಕ್ರೀ ಜನರ ಊರು 2016ರ ಏಪ್ರಿಲ್‌ನಲ್ಲಿ ಯುವಜನರ ಆತ್ಮಹತ್ಯೆ ಯತ್ನಗಳ ಕಾರಣಕ್ಕೆ ತುರ್ತು ಪರಿಸ್ಥಿತಿ ಘೋಷಿಸಿತು, ಜಗತ್ತಿನ ಪತ್ರಿಕೆಗಳೆಲ್ಲ ಅದರ ಹೆಸರನ್ನು ಬರೆದವು. ನಿಮ್ಮ ಕರಡೂ ಅಲ್ಲಿಂದಲೇ ಶುರುವಾಗುತ್ತದೆ. ಆ ಊರಿನ ಕಥೆಯನ್ನು ನಾನಾದರೆ ಶಾಲೆಯಿಂದ ಶುರುಮಾಡುತ್ತೇನೆ. 1979ರಲ್ಲಿ ಅಲ್ಲಿನ ಪ್ರಾಥಮಿಕ ಶಾಲೆಯ ನೆಲದಡಿಯಲ್ಲಿ ಡೀಸೆಲ್ ಸೋರಿತು. ಕಟ್ಟಡವನ್ನು ಮುಚ್ಚಿದ್ದು 2000ದಲ್ಲಿ. ಆಮೇಲೆ ಮಕ್ಕಳು ವರ್ಷಗಟ್ಟಲೆ ಆ ವಿಷಭೂಮಿಯ ಪಕ್ಕದಲ್ಲೇ ನಿಲ್ಲಿಸಿದ ತಾತ್ಕಾಲಿಕ ಡಬ್ಬಿಯಂಥ ಕೋಣೆಗಳಲ್ಲಿ, ಉತ್ತರದ ಚಳಿಯಲ್ಲಿ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ನಡೆಯುತ್ತ ಓದಿದರು. ಷಾನನ್ ಕೂಸ್ಟಾಚಿನ್ ಎಂಬ ಹದಿಹರೆಯದ ಹುಡುಗಿ 2008ರಲ್ಲಿ ತನ್ನ ಸಹಪಾಠಿಗಳೊಂದಿಗೆ ಒಟ್ಟಾವಾಕ್ಕೆ ಹೋಗಿ, ನಮಗೊಂದು ಸರಿಯಾದ ಶಾಲೆ ಕೊಡಿ ಎಂದು ಸಚಿವರ ಮುಂದೆ ಕೂತು ಕೇಳಿದಳು. ಹಣವಿಲ್ಲ ಎಂಬ ಉತ್ತರ ಬಂತು. ದೇಶದ ಶಾಲಾಮಕ್ಕಳು ಅವಳ ಪರವಾಗಿ ಸರ್ಕಾರಕ್ಕೆ ಪತ್ರ ಬರೆಯತೊಡಗಿದರು. 2010ರಲ್ಲಿ ಅವಳು ರಸ್ತೆ ಅಪಘಾತದಲ್ಲಿ ತೀರಿಕೊಂಡಳು. 2012ರಲ್ಲಿ ಕೆನಡಾದ ಸಂಸತ್ತು ಅವಳ ಹೆಸರಿನ ನಿರ್ಣಯವನ್ನು ಒಮ್ಮತದಿಂದ ಅಂಗೀಕರಿಸಿತು, ಹೊಸ ಶಾಲೆ 2014ರಲ್ಲಿ ತೆರೆಯಿತು. ಈ ನಡುವೆ, 2011ರಲ್ಲಿ, ಇದೇ ಊರು ವಾಸಯೋಗ್ಯ ಮನೆಗಳಿಲ್ಲವೆಂದು ಇನ್ನೊಂದು ತುರ್ತು ಪರಿಸ್ಥಿತಿಯನ್ನು ಘೋಷಿಸಿತ್ತು. ಇಷ್ಟನ್ನೂ ಓದಿದ ಮೇಲೆ 2016ರ ಸುದ್ದಿಗೆ ಬರುವ ಓದುಗನಿಗೆ, ಈ ಮಕ್ಕಳಿಗೆ ಏನಾಗಿದೆ ಎಂಬ ಪ್ರಶ್ನೆಯ ಬದಲು ಈ ಮಕ್ಕಳಿಗೆ ಏನನ್ನು ಎಷ್ಟು ವರ್ಷ ನಿರಾಕರಿಸಲಾಯಿತು ಎಂಬ ಪ್ರಶ್ನೆ ಎದುರಾಗುತ್ತದೆ.

ತಡೆಯುವ ಕೆಲಸ ಹೇಗಿರುತ್ತದೆ ಎಂಬುದನ್ನು ತೋರಿಸಲು ಗಡಿ ದಾಟಿ ಅರಿಝೋನಾಕ್ಕೆ ಹೋಗಿ. ಅಲ್ಲಿನ ವೈಟ್ ಮೌಂಟನ್ ಅಪಾಚೆ ಜನ 2001ರಲ್ಲಿ ತಮ್ಮದೇ ಪಂಗಡದ ಕಾನೂನಿನ ಮೂಲಕ, ಯಾರಾದರೂ ಆತ್ಮಹತ್ಯೆಯ ಮಾತಾಡಿದರೆ ಅಥವಾ ಯತ್ನಿಸಿದರೆ ಅದನ್ನು ವರದಿ ಮಾಡಲೇಬೇಕು ಎಂದು ವಿಧಿಸಿದರು. ಶಿಕ್ಷಕರಿರಲಿ, ಪೊಲೀಸರಿರಲಿ, ನೆಂಟರಿರಲಿ, ಎಲ್ಲರಿಗೂ ಇದು ಅನ್ವಯ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಜೊತೆಗಿದ್ದರು, ಆದರೆ ವರದಿ ಬಂದ ಮೇಲೆ ಬಾಗಿಲು ತಟ್ಟುವವರು ಅಪಾಚೆ ಜನರೇ. ಅವರು ಮನೆಗೆ ಹೋಗಿ ಕೂರುತ್ತಾರೆ, ನಡೆದದ್ದು ನಿಜವೇ ಎಂದು ಕೇಳುತ್ತಾರೆ, ಆ ವ್ಯಕ್ತಿಯನ್ನು ಚಿಕಿತ್ಸೆಯವರೆಗೆ ತಲುಪಿಸಿ, ಆಮೇಲೂ ವಿಚಾರಿಸುತ್ತಾರೆ. 2001ರಿಂದ 2006ರ ಅವಧಿಗೂ 2007ರಿಂದ 2012ರ ಅವಧಿಗೂ ನಡುವೆ ಅಲ್ಲಿ ಆತ್ಮಹತ್ಯೆಯ ಪ್ರಮಾಣ ಶೇ. 38.3ರಷ್ಟು ಇಳಿಯಿತು. ನೀವು ಬರೆಯಬೇಕಾದ ದೃಶ್ಯ ಅದು: ಯಾರದೋ ಮನೆಯ ಬಾಗಿಲಲ್ಲಿ, ತಪ್ಪು ಹುಡುಕಲು ಅಲ್ಲ, ಮಾತಾಡಲು ಬಂದು ನಿಂತಿರುವ ಒಬ್ಬ ನೆರೆಯವಳು. ಅಲಾಸ್ಕಾದ ಯೂಪಿಕ್ ಹಳ್ಳಿಗಳಲ್ಲಿ ನಡೆಯುವ ಕುಂಗಾಸ್ವಿಕ್ ಎಂಬ ಕಾರ್ಯಕ್ರಮ ಇನ್ನೊಂದು ಬಗೆಯದು. ಅಲ್ಲಿ ಹಿರಿಯರು ಹುಡುಗರಿಗೆ ಸೀಲ್ ಬೇಟೆಯನ್ನೂ ಹಿಮಗಡ್ಡೆಯ ಗಟ್ಟಿತನ ಪರೀಕ್ಷಿಸಿ ನಡೆಯುವುದನ್ನೂ ಕಲಿಸುತ್ತಾರೆ. ಸಾವಿನ ಮಾತನ್ನು ಮುಂದಿಡದೆ ಬದುಕಲು ಕಾರಣಗಳನ್ನು ಕೂಡಿಸುವುದು ಅದರ ಗುರಿ.

ಬರೆಯುವ ಕ್ರಮದ ಬಗ್ಗೆ ಕೆಲವು ಮಾತು ಹೇಳಲೇಬೇಕು, ಏಕೆಂದರೆ ಇಲ್ಲಿ ಶೈಲಿಯೂ ಜೀವದ ಪ್ರಶ್ನೆ. ವಿಯೆನ್ನಾದಲ್ಲಿ 1987ರಲ್ಲಿ ಪತ್ರಿಕೆಗಳು ಸುರಂಗ ರೈಲಿನಲ್ಲಿ ನಡೆಯುವ ಆತ್ಮಹತ್ಯೆಗಳ ರೋಚಕ ವರದಿಯನ್ನು ನಿಲ್ಲಿಸಿದ ಮೇಲೆ ಅಂಥ ಸಾವುಗಳು ಗಣನೀಯವಾಗಿ ಇಳಿದವು. ಬಿಕ್ಕಟ್ಟಿಗೆ ಸಿಕ್ಕಿ ಅದನ್ನು ದಾಟಿ ಬದುಕಿದವರ ವರದಿಗಳು ಓದುಗರನ್ನು ಕಾಪಾಡುವ ಸಾಧ್ಯತೆಯಿದೆ ಎಂದು ಆಸ್ಟ್ರಿಯಾದಲ್ಲಿಯೇ 2010ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಗಳು ಇದನ್ನೇ ಆಧರಿಸಿವೆ, ಭಾರತೀಯ ಪತ್ರಿಕಾ ಮಂಡಳಿಯೂ 2019ರಲ್ಲಿ ಅವನ್ನು ಒಪ್ಪಿಕೊಂಡಿದೆ. ಆದ್ದರಿಂದ ನಿಮ್ಮ ಕರಡಿನ ಮೂರನೆಯ ಪುಟದಲ್ಲಿ ಸಾವಿನ ವಿಧಾನವನ್ನು ವಿವರಿಸುವ ಎರಡು ವಾಕ್ಯಗಳನ್ನು ಸಂಪೂರ್ಣ ತೆಗೆದುಹಾಕಿ. ಅವನ್ನು ಸೌಮ್ಯಗೊಳಿಸಿದರೆ ಸಾಲದು. ಕೊನೆಯ ಚೀಟಿಯ ಉಲ್ಲೇಖವೂ ಬೇಡ. ಒಂದೇ ಕಾರಣಕ್ಕೆ ಒಬ್ಬರು ಸತ್ತರು ಎಂಬ ಧ್ವನಿ ಎಲ್ಲಿಯೂ ಬರಬಾರದು. ನಮ್ಮ ಪತ್ರಿಕೆಗಳ ಶೀರ್ಷಿಕೆಗಳಿಗೆ ಅಭ್ಯಾಸವಾಗಿರುವ, ಸಾವಿಗೆ ಶರಣಾದರು ಎನ್ನುವ ಮಾತೂ ಬೇಡ. ಮೂಲನಿವಾಸಿಗಳ ಊರುಗಳು ಚಿಕ್ಕವು, ಕೆಲವದರಲ್ಲಿ ಸಾವಿರ ಜನರೂ ಇರುವುದಿಲ್ಲ, ಎಲ್ಲರೂ ಒಬ್ಬರಿಗೊಬ್ಬರು ಬೇಕಾದವರು. ಅಲ್ಲಿ ಒಂದು ಸಾವಿನ ವಿವರ ಓಡಾಡಿದರೆ ಅದು ಸತ್ತವರ ತಮ್ಮನನ್ನೋ ಗೆಳತಿಯನ್ನೋ ತಲುಪದೆ ಇರುವುದಿಲ್ಲ. ಕನ್ನಡದಲ್ಲಿ ಬರೆದದ್ದು ಅಲ್ಲಿಗೆ ಹೇಗೆ ತಲುಪೀತು ಎಂದು ನೀವು ಕೇಳಬಹುದು. ತಮ್ಮದೇ ಕತ್ತಲೆಯಲ್ಲಿ ಕೂತು ನಿಮ್ಮನ್ನು ಓದುವ ಕನ್ನಡದ ಯುವಕರಿದ್ದಾರೆ, ಆ ಎಚ್ಚರ ಅವರಿಗಾಗಿ.

ಅವರಿಗಾಗಿ ಲೇಖನದೊಳಗೇ, ಕೊನೆಯ ಸಾಲಿಗೆ ಕಾಯದೆ, ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಸ್ಪಷ್ಟವಾಗಿ ಕೊಡಿ. 2022ರಲ್ಲಿ ಶುರುವಾದ ಈ ಉಚಿತ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ, ಅಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು. ಕೆನಡಾದಲ್ಲಿರುವ ಕನ್ನಡಿಗರೂ ಓದುತ್ತಾರಾದ್ದರಿಂದ ಅಲ್ಲಿನ 988 ಸಂಖ್ಯೆಯನ್ನೂ ಸೇರಿಸಿ. ಕೊನೆಯ ಪುಟದಲ್ಲಿ ನೀವು ಕರ್ನಾಟಕದ ಸೋಲಿಗರು ಮತ್ತು ಜೇನುಕುರುಬರೊಂದಿಗೆ ಮಾಡಿರುವ ಹೋಲಿಕೆಯನ್ನು ಮಾತ್ರ ಬಿಡಿ. ಕಾಡಿನಿಂದ ಎತ್ತಂಗಡಿಯಾದ ನೋವು ಅವರಿಗೂ ಇದೆ, ಆದರೆ ಕೆನಡಾದ ಅಂಕಿಗಳನ್ನು ತಂದು ಅವರ ಮೇಲೆ ಹೊದಿಸುವ ಹಕ್ಕು ನಮಗಿಲ್ಲ. ಅವರ ಬಗ್ಗೆ ಬರೆಯುವುದಾದರೆ ಅವರ ಹಾಡಿಗೆ, ಪೋಡಿಗೆ ಹೋಗಿ, ಅವರ ಮಾತು ಕೇಳಿ, ಬೇರೆಯೇ ಬರೆಯಿರಿ.

ಇನ್ನೊಂದು ವಿಷಯ. ಕೆನಡಾದ ಫಸ್ಟ್ ನೇಶನ್ಸ್ ಜನ, ತಮ್ಮ ಬಗೆಗಿನ ಮಾಹಿತಿಯ ಒಡೆತನ ಮತ್ತು ನಿಯಂತ್ರಣ ತಮ್ಮದೇ ಆಗಿರಬೇಕೆಂಬ ನಿಯಮಗಳನ್ನು ರೂಪಿಸಿಕೊಂಡು ದಶಕಗಳಾಗಿವೆ. ನಿಮ್ಮೊಡನೆ ಮಾತಾಡಿದ ಇಬ್ಬರು ಆರೋಗ್ಯ ಕಾರ್ಯಕರ್ತೆಯರಿಗೆ, ಅವರ ಮಾತುಗಳು ಬರುವ ಭಾಗವನ್ನಷ್ಟೇ ಇಂಗ್ಲಿಷಿಗೆ ಅನುವಾದಿಸಿ ಕಳಿಸಿ, ಅವರು ಬೇಡವೆಂದದ್ದನ್ನು ಕಾರಣ ಕೇಳದೆ ತೆಗೆಯಿರಿ. ಅದಕ್ಕೆ ಒಂದು ತಿಂಗಳು ಹಿಡಿದರೆ ಹಿಡಿಯಲಿ. ಸಂಪಾದಕರಿಗೆ ಗಡುವು ಮುಂದೂಡಲು ನಾನೂ ಬರೆಯುತ್ತೇನೆ. ಅವರಿಂದ ಒಪ್ಪಿಗೆ ಬಂದ ಮೇಲೆ ಎರಡನೆಯ ಕರಡನ್ನು ನನಗೆ ಕಳಿಸಿ.

ಪ್ರೀತಿ ಮತ್ತು ಗೌರವದೊಂದಿಗೆ,
ನಿಮ್ಮ ಹಿರಿಯ ಮಿತ್ರ